ಮೂರು ವಿಷಲ್ಲಿನ ಪೂಜೆ

ನಮ್ಮ ಮನೆಯವರು ನಿಧಾನಸ್ಥರು. ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ಕೇಳಬೇಡಿ. ಮದುವೆಯಾಗಿ ಮೂವತ್ತನಾಲ್ಕು ವರ್ಷವಾದರೂ ನನಗೇ ತೀರ್ಮಾನವಾಗಿಲ್ಲ. ಹೆಸರು ಪರಮಶಿವಯ್ಯ, ವಯಸ್ಸು ಅರವತ್ತೊಂದು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಕಾಂಪ್ಲೆಕ್ಸಿನ ಹಿಂದಿನ ಅಡ್ಡರಸ್ತೆಯಲ್ಲಿ ಲಗ್ನಪತ್ರಿಕೆಯ ಅಂಗಡಿ. ನಾನು ಜಯಶೀಲಾ, ಅವರ ಹೆಂಡತಿ. ಎರಡು ವರ್ಷದ ಹಿಂದಿನವರೆಗೂ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಹೆಂಗಸಾದರೂ ಮೇಷ್ಟ್ರು ಎಂದೇ ಹೇಳಿಕೊಳ್ಳುತ್ತೇನೆ, ಮೇಡಂ ಎಂದರೆ ಯಾವ ಹುಡುಗನೂ ಹೆದರುವುದಿಲ್ಲ.

ಅಂಗಡಿಯಲ್ಲಿ ಇವರ ನಿಧಾನ ಪ್ರಸಿದ್ಧ. ಕರಡು ಬಂದ ಮೇಲೆ ಪತ್ರಿಕೆಯನ್ನು ಗಿರಾಕಿಯ ಎದುರಿಗೆ ಮೂರು ಸಲ ಗಟ್ಟಿಯಾಗಿ ಓದುತ್ತಾರೆ. ಮೊದಲನೆಯ ಸಲ ಹೆಸರುಗಳಿಗೆ, ಎರಡನೆಯ ಸಲ ತಾರೀಖಿಗೂ ವಾರಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದಕ್ಕೆ, ಮೂರನೆಯ ಸಲ ಯಾಕೆಂದು ಅವರಿಗೂ ಗೊತ್ತಿಲ್ಲ. ಬಂದವರು ಗಡಿಯಾರ ನೋಡುತ್ತಾರೆ, ಕೆಮ್ಮುತ್ತಾರೆ. ಇವರು 'ನಿಧಾನವೇ ಪ್ರಧಾನ' ಎಂದು ಕನ್ನಡಕ ಒರೆಸಿಕೊಂಡು ಮತ್ತೆ 'ಶ್ರೀ' ಎಂಬಲ್ಲಿಂದ ಶುರು ಮಾಡುತ್ತಾರೆ. ಜೆ.ಪಿ. ನಗರದಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಸಿದ್ಧಾರ್ಥನ ಮದುವೆಯ ಪತ್ರಿಕೆಯಲ್ಲಿ ಅವರ ಮನೆಯವರು ಬರೆದುಕೊಟ್ಟಿದ್ದ ವಾರವೇ ತಪ್ಪಿತ್ತು. ಎರಡನೆಯ ಓದಿನಲ್ಲಿ ಸಿಕ್ಕಿಬಿತ್ತು. ಅವತ್ತಿನಿಂದ ಸಿದ್ಧಾರ್ಥನಿಗೆ ಇವರ ಮೇಲೆ ಭಕ್ತಿ. ಮುಂದೆ ಇವರು ಅವನ ಕೈಗೆ ಸಿಕ್ಕಿದ್ದೂ ಆ ಭಕ್ತಿಯಿಂದಲೇ.

ಸೈಕಲ್ಲಿನ ಕಥೆ ನಮ್ಮ ಮಗಳು ಸ್ಪಂದನಾಳಿಂದ ಶುರುವಾಯಿತು. ಅವಳು ಫಿಸಿಯೋಥೆರಪಿಸ್ಟು. ಲಾಕ್‌ಡೌನ್ ಹೊತ್ತಿನಲ್ಲಿ ಒಂದು ಸೈಕಲ್ ತೆಗೆದುಕೊಂಡಳು, ಮದುವೆಯಾಗಿ ಜೆ.ಪಿ. ನಗರಕ್ಕೆ ಹೋಗುವಾಗ ಅದನ್ನು ಬನಶಂಕರಿಯ ನಮ್ಮ ಮನೆಯ ಬಾಲ್ಕನಿಯಲ್ಲೇ ಬಿಟ್ಟುಹೋದಳು. ಒಂದು ವರ್ಷ ಅದರ ಮೇಲೆ ನಾನು ಟವೆಲ್ ಒಣಹಾಕಿದೆ. ಒಂದು ದಿನ ಬೆಳಿಗ್ಗೆ ನೋಡುತ್ತೇನೆ, ಟವೆಲ್‌ಗಳೆಲ್ಲ ನೀಟಾಗಿ ಮಡಿಸಿ ಕುರ್ಚಿಯ ಮೇಲಿವೆ, ಸೈಕಲ್ಲೂ ಇಲ್ಲ, ಗಂಡನೂ ಇಲ್ಲ. ಮುಕ್ಕಾಲು ಗಂಟೆಯ ನಂತರ ಬೆವರು ಸುರಿಸಿಕೊಂಡು ಬಂದರು. ಮುಖದಲ್ಲಿ ಒಂದು ಕಳೆ ಇತ್ತು. ಅದನ್ನು ನಾನು ಹಿಂದೆ ನೋಡಿದ್ದು ಸ್ಪಂದನಾ ಹುಟ್ಟಿದ ದಿನ ಮಾತ್ರ.

ಆಮೇಲೆ ಸಿದ್ಧಾರ್ಥ ಇವರ ಎತ್ತರಕ್ಕೆ ಸರಿಯಾದ ಸೈಕಲ್ ಜೋಡಿಸಿಕೊಟ್ಟ. ಬಿಗಿ ಬಟ್ಟೆ ಬಂತು. ಮೊದಲ ದಿನ ಆ ವೇಷದಲ್ಲಿ ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯ ಗೌರಮ್ಮನವರು ರಂಗೋಲಿ ಬಿಡುತ್ತಿದ್ದವರು ತಲೆಯೆತ್ತಿ ನೋಡಿ, ತಕ್ಷಣ ತಗ್ಗಿಸಿ, ಎರಡು ಚುಕ್ಕಿ ಹೆಚ್ಚಿಗೆ ಇಟ್ಟರಂತೆ. "ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ನಿಮ್ಗೆ ಇನ್ನೂ ಅರವತ್ತೇ ಆಗಿಲ್ಲ ಕಣ್ರೀ," ಎಂದೆ ನಾನು. ಆಗ ಐವತ್ತೊಂಬತ್ತು. ಇವರು ನಕ್ಕು, "ಹಾಗಾದ್ರೆ ಒಂದ್ ವರ್ಷ ಮುಂದಿದೀನಿ," ಎಂದರು.

ಎರಡು ವರ್ಷ ಹೀಗೇ ನಡೆಯಿತು. ಬೆಳಿಗ್ಗೆ ಐದಕ್ಕೆ ಹೊರಟು ಕನಕಪುರ ರಸ್ತೆಯಲ್ಲಿ ತುರಹಳ್ಳಿಯ ಕಡೆ ಹೋಗಿ ಏಳಕ್ಕೆ ವಾಪಸ್ಸು. ಕಳೆದ ಜನವರಿಯಲ್ಲಿ ಒಂದು ಸಂಜೆ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಹೇಳಿದರು.

"ಜಯ, ಸಿದ್ಧಾರ್ಥ ಜುಲೈಯಲ್ಲಿ ಏಳು ಜನಾನ ಲಡಾಖ್‌ಗೆ ಕರ್ಕೊಂಡ್ ಹೋಗ್ತಿದಾನೆ. ಖಾರ್ದುಂಗ್ ಲಾ ಅಂತ. ಲೇಹ್‌ನಿಂದ ಹತ್ತಿ, ಆ ಕಡೆ ಇಳಿಯೋದು."

"ಎಷ್ಟು ಎತ್ತರ?"

"ಹದಿನೇಳೂವರೆ ಸಾವಿರ ಅಡಿ."

ನಾನು ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟೆ. "ನಿಮ್ಗೆ ಅಲ್ಲೇನ್ ಕೆಲ್ಸ?"

ಇವರು ಇನ್ನೆರಡು ಕಾಯಿ ಸುಲಿದರು. ಅವರ ಉತ್ತರಗಳೂ ನಿಧಾನ. "ಮೂವತ್ತೈದು ವರ್ಷ ಬೇರೆಯವ್ರು ಯಾವತ್ತು, ಎಲ್ಲಿಗೆ, ಎಷ್ಟ್ ಗಂಟೆಗೆ ಬರ್ಬೇಕು ಅಂತ ಅಚ್ಚು ಹಾಕ್ಸಿದೀನಿ. ಆ ಕುರ್ಚಿ ಬಿಟ್ಟು ಎಲ್ಲೂ ಹೋಗ್ಲಿಲ್ಲ. ನಾನೂ ಒಂದ್ ಕಡೆ ಹೋಗ್ಬೇಕು ಕಣೆ. ಹೋಗ್ಲೇಬೇಕು ಅನ್ನಿಸ್ತಿದೆ."

ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ 'ಬೇಕು' ಎಂಬ ಮಾತನ್ನು ನಾನು ಹೆಚ್ಚು ಕೇಳಿದವಳಲ್ಲ. 'ಸಾಕು' ಕೇಳಿದ್ದೇನೆ, 'ಆಗ್ಲಿ' ಕೇಳಿದ್ದೇನೆ. ಹೆದರಿಕೆಯಾದರೂ ಬೇಡವೆನ್ನಲಿಲ್ಲ. ಜುಲೈಯೆಂದರೆ ಆಷಾಢ, ಲಗ್ನಗಳಿಲ್ಲ, ಲಗ್ನಪತ್ರಿಕೆಯೂ ಇಲ್ಲ, ಅಂಗಡಿಗೆ ಬೀಗ ಹಾಕಿದರೂ ಯಾರೂ ಕೇಳುವುದಿಲ್ಲ. ತುಮಕೂರಿನ ನಾದಿನಿ ಮಾತ್ರ ಫೋನ್ ಮಾಡಿ, ಆಷಾಢದಲ್ಲಿ ಯಾರಾದರೂ ಪ್ರಯಾಣ ಹೊರಡುತ್ತಾರೆಯೇ ಎಂದಳು. ಲಗ್ನಪತ್ರಿಕೆಯವನಿಗೆ ಆಷಾಢವೇ ಬೇಸಿಗೆ ರಜೆ ಎಂದು ಹೇಳಿ ಫೋನಿಟ್ಟೆ.

ಸ್ಪಂದನಾ ಅಪ್ಪನನ್ನು ಕರೆದುಕೊಂಡು ಹೋಗಿ ಹೃದಯದ ಪರೀಕ್ಷೆ, ರಕ್ತಪರೀಕ್ಷೆ ಎಲ್ಲ ಮಾಡಿಸಿದಳು. ಎಲ್ಲ ಸರಿಯಿತ್ತು. ಉಳಿದದ್ದು ಸಿದ್ಧಾರ್ಥನ ಪರೀಕ್ಷೆ. ಜೂನ್ ಮೊದಲ ವಾರ ನಂದಿ ಬೆಟ್ಟವನ್ನು ಒಂದರ ಹಿಂದೊಂದು ಎರಡು ಸಲ ಹತ್ತಬೇಕು. ಹತ್ತಿದವರಿಗೆ ಲಡಾಖ್, ಆಗದವರಿಗೆ ಮನೆ. ಅವನು ನಯವಾದ ಹುಡುಗನಾದರೂ ಈ ವಿಷಯದಲ್ಲಿ ಯಾರ ಮುಲಾಜೂ ಇಟ್ಟುಕೊಳ್ಳುವವನಲ್ಲ.

ಫೆಬ್ರವರಿಯಿಂದ ಭಾನುವಾರದ ಸವಾರಿಗಳು ಉದ್ದವಾದವು. ಹಾರೋಹಳ್ಳಿ ದಾಟಿ, ಕನಕಪುರ ದಾಟಿ, ನೂರು ಕಿಲೋಮೀಟರ್. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಬನಶಂಕರಿ ಬಸ್ ನಿಲ್ದಾಣದ ಎದುರು ಎಲ್ಲರೂ ಸೇರುವುದು, ಹನ್ನೊಂದಕ್ಕೆ ವಾಪಸ್ಸು. ನಾನು ಶನಿವಾರವೇ ಕಡಲೆಕಾಯಿ ಚಿಕ್ಕಿ ಮಾಡಿ, ನಾಲ್ಕು ಏಲಕ್ಕಿ ಬಾಳೆಹಣ್ಣಿನ ಜೊತೆ ಅವರ ಅಂಗಿಯ ಬೆನ್ನಿನ ಜೇಬುಗಳಿಗೆ ತುಂಬಿಡುತ್ತಿದ್ದೆ. ಬರುವಾಗ ಜೇಬು ಖಾಲಿ. ಗಂಡ ಚೆನ್ನಾಗಿ ತಿನ್ನುತ್ತಿದ್ದಾನೆ ಎಂದು ನಾನು ಸಂತೋಷಪಟ್ಟುಕೊಂಡೆ. ಆದರೂ ಏನೋ ಸರಿಯಿರಲಿಲ್ಲ. ಏಪ್ರಿಲ್ ಹೊತ್ತಿಗೆ ಕೆನ್ನೆ ಇಳಿಯಿತು. ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ಕೇಳಿದರೆ, ಬಿಸಿಲು ಎನ್ನುತ್ತಿದ್ದರು.

ಜೂನ್ ಬಂತು, ನಂದಿಯ ದಿನ ಬಂತು. ಬೆಳಿಗ್ಗೆ ಹತ್ತಕ್ಕೆ ಬಾಗಿಲ ಬೆಲ್ ಆಯಿತು. ತೆರೆದರೆ ಸಿದ್ಧಾರ್ಥ, ಅವನ ಹೆಗಲ ಮೇಲೆ ಕೈಯಿಟ್ಟುಕೊಂಡು ಇವರು. ಮುಖ ಸುಣ್ಣದ ಹಾಗಿತ್ತು.

"ಆಂಟಿ, ಗಾಬ್ರಿ ಆಗ್ಬೇಡಿ. ಮೊದ್ಲನೇ ಹತ್ತೋದ್ರಲ್ಲೇ ಇಪ್ಪತ್ತೆರಡನೇ ತಿರುವಿನ ಹತ್ರ ತಲೆ ಸುತ್ತಿ ಕೂತ್ಬಿಟ್ರು. ಬೀಳ್ಲಿಲ್ಲ, ದೇವರು ದೊಡ್ಡವನು. ಕಾರಲ್ಲಿ ಕರ್ಕೊಂಡ್ ಬಂದೆ. ದಾರಿಯುದ್ದಕ್ಕೂ ಹೇಳಿದೀನಿ, ಒಂದ್ ತೊಟ್ಟು ನೀರು ಕುಡೀತಿಲ್ಲ."

ಇವರನ್ನು ಕೂರಿಸಿದೆ. ಇವರು ನನ್ನ ಕಡೆ ನೋಡಲಿಲ್ಲ, ಎದೆಯ ಮೇಲೆ ಅಂಗಿಯೊಳಗಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು ನೆಲ ನೋಡಿದರು. ನನಗೆ ಆಗಲೇ ಅನುಮಾನ ಬಂತು.

"ಚಿಕ್ಕಿ ತಿನ್ಲಿಲ್ವಾ?" ಎಂದೆ.

"ಅಯ್ಯೋ ಆಂಟಿ, ನಿಮ್ ಚಿಕ್ಕಿ ಸಖತ್ತಾಗಿರುತ್ತೆ, ನಾವೆಲ್ಲ ಕಿತ್ತಾಡ್ಕೊಂಡು ತಿಂತೀವಿ," ಎಂದ ಸಿದ್ಧಾರ್ಥ. "ಅಂಕಲ್ ಮಾತ್ರ ಮುಟ್ಟಲ್ಲ. ಹೋಟ್ಲಲ್ಲಿ ನಾವು ಇಡ್ಲಿ ತಿನ್ನೋವಾಗ್ಲೂ ಹೊರಗಡೆ ನಿಂತು ಸೈಕಲ್ ಕಾಯ್ತಾರೆ. ನಾವು ಎಷ್ಟ್ ಒಳ್ಳೆ ಮನುಷ್ಯ ಅಂದ್ಕೊಂಡಿದ್ವಿ."

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ! ನಾಲ್ಕು ತಿಂಗಳ ಗುಟ್ಟು ನಮ್ಮ ಹಾಲ್‌ನಲ್ಲಿ, ಸೋಫಾದ ಮೇಲೆ ಬಂದು ಕೂತಿತ್ತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾವು ಲಿಂಗವಂತರು. ಕರಡಿಗೆಯೆಂಬ ಪುಟ್ಟ ಡಬ್ಬಿಯಲ್ಲಿಟ್ಟು ಕೊರಳಲ್ಲಿ ಧರಿಸಿದ ಇಷ್ಟಲಿಂಗವನ್ನು ದಿನವೂ ಸ್ನಾನ ಮಾಡಿ ಅಂಗೈಯಲ್ಲಿಟ್ಟುಕೊಂಡು ಪೂಜಿಸಿದ ಮೇಲೆಯೇ ಬಾಯಿಗೆ ಏನಾದರೂ ಹಾಕುವುದು. ಈಗಿನವರು ಇದನ್ನು ಅಷ್ಟು ಕಟ್ಟುನಿಟ್ಟಾಗಿ ಹಿಡಿದಿಲ್ಲ, ನಮ್ಮ ಸ್ಪಂದನಾ ಎದ್ದ ತಕ್ಷಣ ಕಾಫಿ ಎನ್ನುತ್ತಾಳೆ. ಆದರೆ ಇವರಿಗೆ ಎಂಟನೆಯ ವಯಸ್ಸಿನಲ್ಲಿ ದೀಕ್ಷೆಯಾದ ದಿನ ತಾಯಿ ಹೇಳಿದ್ದರಂತೆ, ಪೂಜೆಗೆ ಮುಂಚೆ ಹನಿ ನೀರೂ ಬೇಡ ಎಂದು. ಐವತ್ತಮೂರು ವರ್ಷ ಆ ಮಾತು ತಪ್ಪಿಲ್ಲ. ಇವರ ಪೂಜೆಯೋ, ಲಗ್ನಪತ್ರಿಕೆ ಓದಿದ ಹಾಗೆ. ವಿಭೂತಿ ತೇಯುವುದು, ಹಚ್ಚುವುದು, ಮಜ್ಜನ, ಪತ್ರೆ, ಧೂಪ, ದೀಪ, ನೂರೆಂಟು ಸಲ ಪಂಚಾಕ್ಷರಿ, ಎಲ್ಲ ಸೇರಿ ಮುಕ್ಕಾಲು ಗಂಟೆ. ಒಂದು ನಿಮಿಷ ಕಡಿಮೆಯಿಲ್ಲ.

ಸಣ್ಣ ಸವಾರಿಗಳಲ್ಲಿ ತೊಂದರೆಯಿರಲಿಲ್ಲ, ಏಳಕ್ಕೆ ಬಂದು ಸ್ನಾನ ಮಾಡಿ ಪೂಜೆಗೆ ಕೂತರೆ ಎಂಟೂವರೆಗೆ ತಿಂಡಿ. ಭಾನುವಾರ ಮಾತ್ರ ಆರು ಗಂಟೆ ಹೊತ್ತು ಹಸಿದ ಹೊಟ್ಟೆಯಲ್ಲಿ, ಒಣಗಿದ ಗಂಟಲಲ್ಲಿ ಪೆಡಲ್ ತುಳಿದಿದ್ದಾರೆ ಮನುಷ್ಯ! ಹುಡುಗರಿಗೆ ಹೇಳಲು ಸಂಕೋಚ. ನನಗೆ ಹೇಳಿದರೆ ಸೈಕಲ್ಲಿನ ಮೇಲೆ ಮತ್ತೆ ಟವೆಲ್ ಒಣಹಾಕುತ್ತೇನೆ ಎಂಬ ಭಯ.

ಸಿದ್ಧಾರ್ಥ ಎಲ್ಲ ಕೇಳಿಸಿಕೊಂಡ. ನಗಲಿಲ್ಲ, ವಾದ ಮಾಡಲಿಲ್ಲ. ಅದು ನನಗೆ ಹಿಡಿಸಿತು. "ಅಂಕಲ್, ನಿಮ್ ನಂಬಿಕೆ ಬಗ್ಗೆ ನಾನು ಏನೂ ಹೇಳಲ್ಲ. ಆದ್ರೆ ಅಲ್ಲಿ ಬೆಳಗ್ಗೆ ನಾಲ್ಕಕ್ಕೆ ಹೊರಡ್ತೀವಿ. ಉಸಿರಾಡೋಕೇ ಕಷ್ಟ ಇರೋ ಜಾಗ. ಅರ್ಧ ಗಂಟೆಗೊಂದ್ಸಲ ತಿನ್ನದೇ, ಕುಡೀದೇ ಇರೋರನ್ನ ಕರ್ಕೊಂಡ್ ಹೋದ್ರೆ ನಾನು ತಪ್ಪು ಮಾಡ್ದಂಗೆ. ಹದಿನೈದು ದಿನ ಬಿಟ್ಟು ಇನ್ನೊಂದ್ ಸಲ ನಂದಿ. ನನ್ ಕಣ್ಮುಂದೆ ತಿಂದು, ಕುಡಿದು, ಎರಡು ಸಲ ಹತ್ತಿ. ಇಲ್ಲಾಂದ್ರೆ ಬೇಡ."

ಅವನು ಹೋದ ಮೇಲೆ ಇವರು ಸ್ನಾನ ಮಾಡಿ ಪೂಜೆಗೆ ಕೂತರು. ಅಂಥ ಸ್ಥಿತಿಯಲ್ಲೂ ಮುಕ್ಕಾಲು ಗಂಟೆ. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂತು. ಅವಲಕ್ಕಿ ಬಡಿಸಿ ಎದುರಿಗೆ ಕೂತೆ.

"ಪೂಜೆ ಮಾಡ್ಕೊಂಡೇ ಹೊರಡೋಕೆ ಏನ್ರೀ ಕಷ್ಟ?"

"ಮುಕ್ಕಾಲು ಗಂಟೆ ಪೂಜೆ, ಸ್ನಾನ, ಹೊರಡೋದು ಅಂದ್ರೆ ಮೂರಕ್ಕೇ ಏಳ್ಬೇಕು. ನಿದ್ದೆ ಕೆಟ್ರೆ ಕಾಲಲ್ಲಿ ಶಕ್ತಿ ಇರಲ್ಲ. ಇನ್ನು ಅಲ್ಲಿ, ಆ ಚಳೀಲಿ, ಎರಡು ಗಂಟೆಗೆ ಏಳೋದಾ?" ತಟ್ಟೆಯಲ್ಲಿ ಬೆರಳಾಡಿಸಿದರು. "ಬಿಡು ಜಯ. ನನ್ನ ಹಣೇಲಿ ಇಲ್ಲ. ಬರಲ್ಲ ಅಂತ ಸಿದ್ಧಾರ್ಥಂಗೆ ಹೇಳ್ಬಿಡ್ತೀನಿ."

'ನಾನೂ ಒಂದ್ ಕಡೆ ಹೋಗ್ಬೇಕು' ಎಂದ ಬಾಯಿಯೇ ಇದು. ನನಗೆ ತಡೆಯಲಾಗಲಿಲ್ಲ.

"ಪೂಜೆ ಬೇಗ ಮುಗ್ಸಿ."

"ಪೂಜೆ ಬೇಗ ಮುಗ್ಸೋದಾ?" ಅರ್ಧ ಮೀಸೆ ಬೋಳಿಸಿಕೊಂಡು ಅಂಗಡಿಗೆ ಹೋಗಿ ಎಂದಿದ್ದರೆ ಹೇಗೆ ನೋಡುತ್ತಿದ್ದರೋ ಹಾಗೆ ನೋಡಿದರು.

"ನನ್ ಪೂಜೆ ಎಷ್ಟು ಹೊತ್ತು ಆಗುತ್ತೆ, ಗೊತ್ತಾ ನಿಮ್ಗೆ?"

ಯೋಚಿಸಿದರು. ನಿಧಾನವಾಗಿ ಯೋಚಿಸಿದರು. "ಅರ್ಧ ಗಂಟೆ?"

"ಮೂರು ವಿಷಲ್."

ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗಲು ಕಾರಣವೂ ಇರಲಿಲ್ಲ. ನನಗೂ ಲಿಂಗವುಂಟು, ನನಗೂ ದೀಕ್ಷೆಯಾಗಿದೆ, ನಾನೂ ಪೂಜೆಗೆ ಮುಂಚೆ ಬಾಯಿಗೆ ಏನೂ ಹಾಕುವವಳಲ್ಲ. ಆದರೆ ಏಳೂ ಐವತ್ತರ ಬಸ್ಸಿಗೆ ಅದೆಲ್ಲ ಗೊತ್ತೇ? ಇವರು ಬೆಳಿಗ್ಗೆ ಆರೂವರೆಗೆ ಮಣೆಯ ಮೇಲೆ ಕೂತರೆ ಮನೆಯೆಲ್ಲ ಪಿಸುಮಾತು. ರೇಡಿಯೋ ಇಲ್ಲ, ಮಿಕ್ಸಿ ಇಲ್ಲ, ಸ್ಪಂದನಾ ಅತ್ತರೆ ಅವಳನ್ನೆತ್ತಿಕೊಂಡು ಬಾಲ್ಕನಿಗೆ. ಅದೇ ಮುಕ್ಕಾಲು ಗಂಟೆಯಲ್ಲಿ ತಿಂಡಿ, ಮೂರು ಡಬ್ಬಿ, ಮಗಳ ಜಡೆ, ನನ್ನ ಸೀರೆ. ಕುಕ್ಕರ್ ಒಲೆಗಿಟ್ಟು, ಅಡುಗೆಮನೆಯ ಮೂಲೆಯಲ್ಲಿ ಚಾಪೆಯ ತುಂಡು ಹಾಸಿ ಕೂತರೆ, ಅದು ಮೂರನೆಯ ಸಲ ಕೂಗುವುದರೊಳಗೆ ನನ್ನ ಪೂಜೆ ಮುಗಿದಿರಬೇಕು. ಮೂವತ್ತನಾಲ್ಕು ವರ್ಷ ಹಾಗೇ ಮುಗಿದಿದೆ. ನಿವೃತ್ತಿಯಾಗಿ ಎರಡು ವರ್ಷವಾದರೂ, ಯಾವ ಬಸ್ಸೂ ಕಾಯದಿದ್ದರೂ, ಈಗಲೂ ಮೂರೇ ವಿಷಲ್.

ಇದನ್ನೆಲ್ಲ ಹೇಳಿದೆ. ದೂರೆಂದು ಹೇಳಲಿಲ್ಲ. ಸರಿ, ಸ್ವಲ್ಪ ದೂರೇ.

ಇವರು ಅವಲಕ್ಕಿ ಬಿಟ್ಟು ನನ್ನನ್ನೇ ನೋಡಿದರು. "ನಂಗೆ ಗೊತ್ತೇ ಇರ್ಲಿಲ್ಲ ಜಯ."

"ಕಣ್ಣು ಅಂಗೈ ಮೇಲಿದ್ರೆ ಅಡುಗೆಮನೆ ಹೇಗ್ರೀ ಕಾಣುತ್ತೆ? ಹೋಗ್ಲಿ, ನಾಳೆಯಿಂದ ನಾನು ಹೇಳಿಕೊಡ್ತೀನಿ. ಮೊದ್ಲು ಅದನ್ನ ತಿನ್ನಿ."

ಮೇಷ್ಟರ ಹತ್ತಿರ ಪಾಠ ಶುರುವಾಯಿತು. ಮರುದಿನ ಬೆಳಿಗ್ಗೆ ನಾನು ಅಕ್ಕಿ, ಬೇಳೆ ತೊಳೆದು ಕುಕ್ಕರ್ ಇಟ್ಟೆ. ಇವರು ಮಣೆಯ ಮೇಲೆ ಕೂತರು. ಮೂರು ವಿಷಲ್ ಆಯಿತು, ಹೋಗಿ ನೋಡಿದರೆ ಇನ್ನೂ ವಿಭೂತಿ ತೇಯುತ್ತಿದ್ದರು.

"ಗ್ಯಾಸ್ ಜೋರಾಗಿಟ್ಟಿದೀಯ," ಎಂದರು.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

ಎರಡನೆಯ ದಿನ ಇಪ್ಪತ್ತೆಂಟು ನಿಮಿಷ. ಮೂರನೆಯ ದಿನ ಇಪ್ಪತ್ತೊಂದು. ಅಲ್ಲಿಗೆ ಬಂದು ನಿಂತುಬಿಟ್ಟರು. ಮಣೆಯಿಂದೆದ್ದು ಅಡುಗೆಮನೆಯ ಬಾಗಿಲಿಗೆ ಒರಗಿ, "ಆಗ್ತಿಲ್ಲ ಕಣೆ. ಅರ್ಧಂಬರ್ಧ ಮಾಡ್ದಂಗೆ ಅನ್ನಿಸುತ್ತೆ. ಶಿವಂಗೆ ಮೋಸ ಮಾಡ್ತಿದೀನೇನೋ ಅಂತ," ಎಂದರು. ಕಣ್ಣಲ್ಲಿ ನೀರಿತ್ತು. ತಮಾಷೆ ಮಾಡುವ ಹೊತ್ತಲ್ಲ ಅದು ಎಂದು ನನಗೆ ತಿಳಿಯಿತು.

"ನನ್ನ ಶಿವ ಇಷ್ಟು ವರ್ಷದಲ್ಲಿ ಅರ್ಧಂಬರ್ಧ ಅಂತ ಒಂದು ಸಲವೂ ಗೊಣಗಿಲ್ಲ ಕಣ್ರೀ," ಎಂದೆ. "ನೀವು ಕೂತ ಮುಕ್ಕಾಲು ಗಂಟೇಲಿ ಮನಸ್ಸು ಎಷ್ಟು ಸಲ ಅಂಗಡಿಗೆ ಹೋಗಿ ಬರುತ್ತೆ, ನಿಜ ಹೇಳಿ?"

ಕನ್ನಡಕ ತೆಗೆದು ಒರೆಸಿಕೊಂಡರು. ಅಂದರೆ ಬಹಳ ಸಲ.

"ನಂಗೆ ಎಲ್ಲೂ ಹೋಗೋಕೆ ಟೈಮೇ ಇರ್ತಿರ್ಲಿಲ್ಲ. ಒಂದಿನ ಹಾಲು ಉಕ್ಕಿ ಒಲೆ ಮೇಲೆಲ್ಲ ಸೀದು ವಾಸನೆ ಬಂದ್ರೂ ಎದ್ದಿಲ್ಲ ನಾನು. ಇರೋದೇ ಮೂರು ವಿಷಲ್, ಅದು ನಂದು ಅಂತ. ನೀರು, ವಿಭೂತಿ, ಒಂದು ಪತ್ರೆ, ಒಂದು ದೀಪ, ಹನ್ನೊಂದು ಸಲ ಪಂಚಾಕ್ಷರಿ. ಕೂತಿರೋಷ್ಟು ಹೊತ್ತು ಪೂರ್ತಿ ಅಲ್ಲೇ ಇರಿ. ಅಷ್ಟೇ ಪಾಠ."

"ಲಡಾಖ್‌ನಲ್ಲಿ ಪತ್ರೆ ಸಿಗದಿದ್ರೆ?"

"ನೀರಿರುತ್ತಲ್ಲ, ಸಾಕು. ಕೊರಳಲ್ಲಿ ಕಟ್ಟಿಕೊಂಡಿರೋದೇ ಯಾಕೆ? ನೀವು ಹೋದಲ್ಲಿಗೆ ಬರ್ಲಿ ಅಂತ ತಾನೆ?"

ಇದಾದ ಮೇಲೆ ಎರಡು ದಿನ ಹೀಗೇ ಕಳೆಯಿತು. ಮೂರನೆಯ ಬೆಳಿಗ್ಗೆ ಕುಕ್ಕರ್ ಮೂರನೆಯ ಸಲ ಕೂಗುವ ಹೊತ್ತಿಗೆ ಅಡುಗೆಮನೆಗೆ ಬಂದು ನಿಂತರು, ಹಣೆಯ ಮೇಲೆ ಹಸಿ ವಿಭೂತಿ, ಕೈಯಲ್ಲಿ ಖಾಲಿ ಲೋಟ. "ನೀರು ಕೊಡು," ಎಂದರು. ಗಡಿಯಾರ ನೋಡಿದೆ. ಒಂಬತ್ತು ನಿಮಿಷ.

"ಹೇಗಿತ್ತು?" ಎಂದೆ.

"ಅಂಗಡಿ ನೆನಪಾಗ್ಲಿಲ್ಲ," ಎಂದರು.

ಎರಡನೆಯ ನಂದಿಗೆ ನಾನೂ ಹೋದೆ, ಸ್ಪಂದನಾಳ ಕಾರಿನಲ್ಲಿ. ಅವಳು ದಾರಿಯುದ್ದಕ್ಕೂ ಆಕಳಿಸುತ್ತ, ಅಪ್ಪನಿಗಿಂತ ಅಮ್ಮನಿಗೇ ಟೆನ್ಷನ್ ಎಂದು ರೇಗಿಸಿದಳು. ರೇಗಿಸಿದರೆ ರೇಗಿಸಲಿ, ನನ್ನ ಶಿಷ್ಯನ ಪರೀಕ್ಷೆ ಅದು. ಬೆಟ್ಟದ ಬುಡದಲ್ಲಿ ಇಳಿದಾಗ ಮಂಜು ಇನ್ನೂ ರಸ್ತೆಯ ಮೇಲೇ ಇತ್ತು. ಇವರು ಮನೆಯಲ್ಲೇ ಪೂಜೆ ಮುಗಿಸಿ, ಎರಡು ಇಡ್ಲಿ ತಿಂದು ಬಂದಿದ್ದರು. ಸಿದ್ಧಾರ್ಥ ಹತ್ತಿರ ಬಂದಾಗ, ಪರೀಕ್ಷೆಗೆ ಹಾಲ್‌ಟಿಕೆಟ್ ತೋರಿಸುವ ಹುಡುಗನ ಹಾಗೆ, ಜೇಬಿನಿಂದ ಬಾಳೆಹಣ್ಣು ತೆಗೆದು ಸುಲಿದು ಅವನೆದುರಿಗೇ ತಿಂದರು. ಸಿಪ್ಪೆಯನ್ನು ನನ್ನ ಕೈಗೆ ಕೊಟ್ಟರು.

ನಾವು ಕಾರಿನಲ್ಲಿ ಮುಂದೆ ಹೋಗಿ ಮೇಲೆ ಕಾದೆವು. ಹುಡುಗರೆಲ್ಲ ಒಬ್ಬೊಬ್ಬರಾಗಿ ಬಂದರು, ಉಸಿರು ಬಿಟ್ಟುಕೊಂಡು ಸೈಕಲ್ ಒರಗಿಸಿದರು. ಇವರಿಲ್ಲ. ನಾನು ಕೋತಿಗಳನ್ನು ನೋಡುವ ಹಾಗೆ ನಟಿಸುತ್ತ ರಸ್ತೆಯನ್ನೇ ನೋಡಿದೆ. ಕೊನೆಗೆ ಕಂಡರು. ಕನ್ನಡಕ ಮಂಜಿಗೆ ಮಸುಕಾಗಿ, ಹೆಲ್ಮೆಟ್ಟಿನ ಕೆಳಗೆ ಮೂರು ಬೆರಳಿನ ವಿಭೂತಿ ಬೆವರಿಗೆ ಕರಗಿ, ಒಂದೇ ಲಯದಲ್ಲಿ ತುಳಿಯುತ್ತ ಬಂದರು, ಲಗ್ನಪತ್ರಿಕೆಯನ್ನು ಮೂರನೆಯ ಸಲ ಓದುವ ಅದೇ ಮುಖ. ನಿಲ್ಲಲಿಲ್ಲ. ಅರ್ಧ ಚಿಕ್ಕಿ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ತಿರುಗಿಸಿಕೊಂಡು ಇಳಿದರು. ಎರಡನೆಯ ಸಲ ಬರುವಾಗ ಬಿಸಿಲು ಬಂದಿತ್ತು. ಮೊದಲನೆಯ ಸಲ ಎಲ್ಲರನ್ನೂ ಹಿಂದೆ ಹಾಕಿ ಬಂದಿದ್ದ ಇಬ್ಬರು ಹುಡುಗರು ಇವರ ಹಿಂದೆ ಬಂದರು.

ಸಿದ್ಧಾರ್ಥ ನನ್ನ ಹತ್ತಿರ ಬಂದು, "ಆಂಟಿ, ಅಂಕಲ್‌ಗೆ ಸ್ಪೀಡಿಲ್ಲ. ಆದ್ರೆ ನಿಲ್ಲೋದೂ ಇಲ್ಲ. ಅಲ್ಲಿಗೆ ಬೇಕಾಗಿರೋದು ಅದೇ. ಸೀಟು ಪಕ್ಕಾ," ಎಂದ. ನಾನು ಅವನ ಕೆನ್ನೆ ಹಿಂಡಿದೆ. ಮದುವೆಯಾದ ಹುಡುಗ, ಪಾಪ, ಕೆಂಪಾದ.

ಹೊರಡುವ ದಿನ ಆಷಾಢದ ಗಾಳಿ ಬೀಸುತ್ತಿತ್ತು. ಸೈಕಲ್ ಬಿಚ್ಚಿ ಪೆಟ್ಟಿಗೆಗೆ ಹಾಕಿಯಾಗಿತ್ತು. ವಿಮಾನ ನಿಲ್ದಾಣಕ್ಕೆ ಕ್ಯಾಬ್ ಬೆಳಿಗ್ಗೆ ಏಳೂವರೆಗೆ. ಇವರು ಆರಕ್ಕೇ ಸ್ನಾನ, ಒಂಬತ್ತು ನಿಮಿಷದ ಪೂಜೆ ಮುಗಿಸಿ ಬಂದರು. ನಾನು ಸ್ನಾನ ಮಾಡಿ ಬಂದು ಕುಕ್ಕರಿಗೆ ಕೈ ಹಾಕಿದೆ. ಇವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಇವತ್ತು ಇದು ನಾನ್ ನೋಡ್ಕೊತೀನಿ. ನೀನು ಹೋಗಿ ಕೂತ್ಕೋ."

"ಎಲ್ಲಿ?"

"ನನ್ ಮಣೆ ಮೇಲೆ. ಹಾಲ್‌ನಲ್ಲಿ."

ಬೇಡವೆಂದೆ, ತಡವಾಗುತ್ತದೆ ಎಂದೆ. ಅವರು ಆಗಲೇ ಅಕ್ಕಿ ತೊಳೆಯುತ್ತಿದ್ದರು. ಒಂದೊಂದು ಕಾಳನ್ನೂ ಮಾತಾಡಿಸಿ ತೊಳೆಯುತ್ತಿರುವ ಹಾಗಿತ್ತು. ಹೋಗಿ ಕೂತೆ. ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡೆ. ನೀರು, ವಿಭೂತಿ, ಪತ್ರೆ, ದೀಪ. ಒಳಗೆ ಕುಕ್ಕರ್ ಒಂದು ಸಲ ಕೂಗಿತು, ಎರಡು ಸಲ ಕೂಗಿತು. ಮೂರನೆಯದು ಕೂಗಿದ್ದೇ ನನ್ನ ಬಲಗೈ ತಾನಾಗಿಯೇ ಕರಡಿಗೆಯನ್ನು ಹುಡುಕಿತು.

"ನಾನ್ ಇಳಿಸ್ತೀನಿ. ನೀನ್ ಕೂತಿರು," ಎಂದು ಅಡುಗೆಮನೆಯಿಂದ ದನಿ ಬಂತು.

ಕೂತೆ. ಮೊದಮೊದಲು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಮುಂದಿನ ಕೆಲಸ ಯಾವುದು ಎಂದು ಮನಸ್ಸು ಕೇಳುತ್ತಲೇ ಇತ್ತು, ಯಾವುದೂ ಇಲ್ಲ ಎಂದು ಹೇಳುತ್ತಲೇ ಇದ್ದೆ. ಆಮೇಲೆ ಅದು ಕೇಳುವುದನ್ನು ನಿಲ್ಲಿಸಿತು. ಲಿಂಗದ ಕರಿ ಮೈಯ ಮೇಲೆ ದೀಪದ ಬೆಳಕು ಒಂದು ಸಣ್ಣ ಚುಕ್ಕಿಯಾಗಿ ನಿಂತಿತ್ತು. ಅದು ಅಷ್ಟು ಹೊತ್ತು ಅಲುಗದೆ ನಿಲ್ಲುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಅಷ್ಟು ಹೊತ್ತು ನಾನು ನೋಡಿಯೇ ಇರಲಿಲ್ಲ. ನೂರೆಂಟನ್ನು ಎಣಿಸಿ ಮುಗಿಸಿದೆ. ಮೈಯೆಲ್ಲ ಹಗುರವಾಗಿತ್ತು.

ಎದ್ದು ನೋಡಿದರೆ ಏಳೂ ಮುಕ್ಕಾಲು! ಇವರು ಬ್ಯಾಗು ಬೆನ್ನಿಗೇರಿಸಿ, ಶೂ ಹಾಕಿಕೊಂಡು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾರೆ. ಫೋನ್ ಸದ್ದಾಗದಂತೆ ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದಾರೆ. ಕೆಳಗೆ ಕ್ಯಾಬಿನವನು ಕಾಲುಗಂಟೆಯಿಂದ ಕಾಯುತ್ತಿದ್ದಾನೆ. ಗೌರಮ್ಮನವರು ಅವನಿಗೆ ಕಾಫಿ ಬೇರೆ ಕೊಟ್ಟಿದ್ದಾರೆ.

"ಅಯ್ಯೋ, ಕರೀಬಾರ್ದಾಗಿತ್ತೇನ್ರೀ! ಫ್ಲೈಟ್ ತಪ್ಪಿದ್ರೆ? ಆರು ತಿಂಗಳಿಂದ ಪಟ್ಟ ಕಷ್ಟ!"

ಇವರು ನಿಧಾನವಾಗಿ ಎದ್ದು ನಿಂತರು. "ಮೂವತ್ನಾಲ್ಕು ವರ್ಷದಲ್ಲಿ ನೀನು ಒಂದ್ ದಿನಾನಾದ್ರೂ ನನ್ನ ಪೂಜೆಯಿಂದ ಎಬ್ಬಿಸಿದ್ಯಾ?"

ಓಡಿಹೋಗಿ ಚಿಕ್ಕಿಯ ಡಬ್ಬಿ ತಂದು ಅವರ ಬ್ಯಾಗಿಗೆ ತುರುಕಿದೆ. ಕ್ಯಾಬ್ ಹೋದ ಮೇಲೆ ಒಳಗೆ ಬಂದು ಕುಕ್ಕರ್ ತೆಗೆದರೆ ಅನ್ನವೂ ಬೇಳೆಯೂ ಕೂಡಿ ಗಂಜಿಯಾಗಿತ್ತು. ಉಪ್ಪು ಹಾಕಿಕೊಂಡು ಪೂರ್ತಿ ತಿಂದೆ.

ವಿಮಾನ ತಪ್ಪಲಿಲ್ಲ. ಒಂದು ವಾರ ಅವರೆಲ್ಲ ಲೇಹ್‌ನಲ್ಲಿ ಆ ಗಾಳಿಗೆ ಮೈ ಒಗ್ಗಿಸಿಕೊಂಡರು. ಘಾಟಿ ಹತ್ತುವುದು ಸೋಮವಾರ ಎಂದಿದ್ದರು. ಆ ದಿನ ಬೆಳಗಿನಿಂದ ನಾನು ಫೋನನ್ನು ಕೈಯಿಂದ ಕೆಳಗಿಟ್ಟಿರಲಿಲ್ಲ. ಮೇಲೆ ಸಿಗ್ನಲ್ ಇರುವುದಿಲ್ಲ, ಆ ಕಡೆ ಇಳಿದ ಮೇಲೆಯೇ ಸುದ್ದಿ ಎಂದು ಸಿದ್ಧಾರ್ಥ ಹೇಳಿದ್ದ. ಸ್ಪಂದನಾ ಗಂಟೆಗೊಂದು ಸಲ ಏನಾದರೂ ಬಂತೇ ಎಂದು ಕೇಳುತ್ತಿದ್ದಳು. ಸಂಜೆ ಆರಾಯಿತು. ಸೋಮವಾರ ಸಂಜೆ ಇನ್ನೊಮ್ಮೆ ಪೂಜೆಗೆ ಕೂರುವುದು ನಮ್ಮ ಪದ್ಧತಿ. ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಹಾಲ್‌ಗೆ ಬಂದು ಮಣೆಯ ಮೇಲೆ ಕೂತೆ.

ದೀಪದ ಚುಕ್ಕಿ ನಿಂತ ಸ್ವಲ್ಪ ಹೊತ್ತಿಗೆ ಒಳಗೆ ಫೋನ್ ಟಿಂಗ್ ಎಂದಿತು. ಮತ್ತೊಮ್ಮೆ ಟಿಂಗ್. ಸುಳ್ಳು ಹೇಳುವುದಿಲ್ಲ, ಎದ್ದುಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಎಣಿಕೆ ಮೂವತ್ತಾರರಲ್ಲಿತ್ತು. ಏಳಲಿಲ್ಲ.

ನೂರೆಂಟು ಮುಗಿಸಿ, ಕರಡಿಗೆ ಕಟ್ಟಿ, ನೀರು ಕುಡಿದು ಹೋಗಿ ನೋಡಿದೆ. ಹಿಂದೆ ಹಿಮ, ಬಣ್ಣಬಣ್ಣದ ಬಾವುಟಗಳು, ಹಳದಿ ಫಲಕ. ಅದರ ಮುಂದೆ ಸೈಕಲ್ ಹಿಡಿದು ನನ್ನ ಗಂಡ, ಹಣೆಯ ಮೇಲೆ ವಿಭೂತಿ, ಎರಡೂ ಕೆನ್ನೆಯೊಳಗೆ ಚಿಕ್ಕಿ ತುಂಬಿಕೊಂಡು ನಗಲಾರದೆ ನಗುತ್ತಿದ್ದರು. ಕೆಳಗೆ ಬರೆದಿದ್ದರು: 'ದಾಟಿದೆ. ನಿನ್ನ ಪೂಜೆ ಆಯ್ತಾ?'

'ಈಗ ಆಯ್ತು' ಎಂದು ಬರೆದು ಕಳಿಸಿದೆ.